ಟಾಲ್ಬರ್ಟ್‌ಗೆ ಮೂರನೆಯ ಸ್ಥಾನ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಡಾಕ್ಟರ್ ಸೋಮಲಿಂಗಪ್ಪನವರ ಲೇಖನ ಬಂತು. ಅಂದು 2024ರ ಜೂನ್ ಒಂದು, ಶನಿವಾರ. ಕೈಬರಹದ ಒಂಬತ್ತು ಹಾಳೆಗಳು ಒಂಬತ್ತು ಫೋಟೊಗಳಾಗಿ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದವು. ನಾಲ್ಕನೆಯದರ ಮೂಲೆಯಲ್ಲಿ ಯಾರದೋ ಹೆಬ್ಬೆರಳೂ ಅರ್ಧ ಕುಡಿದಿಟ್ಟ ಚಹಾದ ಲೋಟವೂ ಇದ್ದವು.

ಮೈಥಿಲಿ ಅಮೆರಿಕದ ವಾಷಿಂಗ್ಟನ್ ಬಳಿಯ ಎಲಿಕಾಟ್ ಸಿಟಿಯ ತನ್ನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿಕೊಂಡು ಓದಿದಳು. ಪೊಟೋಮ್ಯಾಕ್ ಕನ್ನಡ ಬಳಗದ ವಾರ್ಷಿಕ ಸಂಚಿಕೆಯ ಸಂಪಾದಕಿ ಅವಳು. ಅದಕ್ಕೂ ಮೊದಲು ಮೈಸೂರಿನ ಒಂದು ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಹನ್ನೊಂದು ವರ್ಷ ಉಪಸಂಪಾದಕಿಯಾಗಿದ್ದಳು. ವರದಿಗಾರರು ಬರೆದ ಒಂದು ರನ್ನನ್ನೂ ನಂಬದೆ, ಸ್ಕೋರು ಪಟ್ಟಿಯನ್ನು ತಾನೇ ಕೂಡಿ ನೋಡಿದ ಮೇಲಷ್ಟೇ ಪುಟಕ್ಕೆ ಹಾಕುತ್ತಿದ್ದವಳು ಎಂದು ಅಲ್ಲಿ ಹೆಸರಿತ್ತು. ಹೆಸರಿನ ಜೊತೆಗೆ ಸ್ವಲ್ಪ ಹೆದರಿಕೆಯೂ ಇತ್ತು. ಸಂಚಿಕೆ ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಬೇರೆಲ್ಲ ಪುಟಗಳೂ ಸಿದ್ಧವಾಗಿದ್ದವು. ಡಾಕ್ಟರರಿಗಾಗಿ ಮೂರು ಪುಟ ಖಾಲಿ ಉಳಿದಿದ್ದವು.

ಲೇಖನದ ತಲೆಬರಹ ಹೀಗಿತ್ತು: 'ಟಾಲ್ಬರ್ಟ್: ಸಾರ್ವಕಾಲಿಕ ಶ್ರೇಷ್ಠರಲ್ಲಿ ಮೂರನೆಯವನು.'

ಮಾರ್ಕಸ್ ಟಾಲ್ಬರ್ಟ್ ಸೌತ್ ಕೆರೊಲಿನಾದ ಹುಡುಗ. ಅಟ್ಲಾಂಟಾದಲ್ಲಿ ಒಂಬತ್ತು ವರ್ಷ ಬೇಸ್‌ಬಾಲ್ ಆಡಿ, ಈಗ ವಾಷಿಂಗ್ಟನ್‌ನಲ್ಲಿ ಆಡುತ್ತಿದ್ದಾನೆ. ವಯಸ್ಸು ಮೂವತ್ತೇಳು, ಇದೇ ಕೊನೆಯ ವರ್ಷ ಎಂದು ಘೋಷಿಸಿದ್ದಾನೆ. ಈ ಕಾರಣಕ್ಕೆ ಅಟ್ಲಾಂಟಾ, ಕೆರೊಲಿನಾ, ವಾಷಿಂಗ್ಟನ್ ಮೂರೂ ಕಡೆಯ ಕನ್ನಡಿಗರು ಅವನನ್ನು ತಮ್ಮವನೆಂದು ಹಂಚಿಕೊಂಡಿದ್ದರು. ಚೆಂಡನ್ನು ಮೈದಾನದ ಬೇಲಿ ದಾಟಿಸುವ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ. ಟಾಲ್ಬರ್ಟ್ ಅಂಥವನ್ನು 487 ಹೊಡೆದಿದ್ದ. ಒಳ್ಳೆಯ ಸಂಖ್ಯೆಯೇ. ಆದರೆ ಡಾಕ್ಟರರ ಪಟ್ಟಿಯಲ್ಲಿ ಮೊದಲನೆಯವನು ಹ್ಯಾಂಕ್ ಆರನ್, ಎರಡನೆಯವನು ಬೇಬ್ ರೂತ್, ಮೂರನೆಯವನು ಟಾಲ್ಬರ್ಟ್. ನಾಲ್ಕನೆಯವನು ಯಾರೆಂದು ಅವರು ಬರೆದಿರಲಿಲ್ಲ. ಮೂರನೆಯವನು ಸಿಕ್ಕಿದ ಮೇಲೆ ಮುಂದಿನವರ ಗೊಡವೆ ಅವರಿಗೆ ಬೇಕಾಗಿರಲಿಲ್ಲ.

ಆಧಾರಗಳು ಎರಡನೆಯ ಹಾಳೆಯಿಂದ ಶುರುವಾಗುತ್ತಿದ್ದವು. ಟಾಲ್ಬರ್ಟ್ ವಿನಯವಂತ. ಟಾಲ್ಬರ್ಟ್ ತಾಯಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಟಾಲ್ಬರ್ಟ್‌ನ ಮಣಿಕಟ್ಟು ಆರನ್‌ನ ಮಣಿಕಟ್ಟಿನಂತಿದೆ. ಮೂಳೆ ಡಾಕ್ಟರಾಗಿ ನಲವತ್ತು ವರ್ಷ ಮಣಿಕಟ್ಟುಗಳನ್ನು ನೋಡಿದವನು ನಾನು ಹೇಳುತ್ತಿದ್ದೇನೆ.

"ತಾಯಿಗೆ ದಿನಾ ಫೋನು ಮಾಡಿದ್ದರೆ ಎರಡನೆಯವನಾಗುತ್ತಿದ್ದನೇನೋ," ಎನ್ನುತ್ತ ಮೈಥಿಲಿ ಪೆನ್ಸಿಲು ಹುಡುಕಿದಳು.

ಹದಿನೇಳರ ಮಗಳು ನಿಧಿ ಸಿರಿಯಲ್ ಬಟ್ಟಲು ಹಿಡಿದು ಹಿಂದೆ ಬಂದು ನಿಂತಿದ್ದಳು. ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಆಡುವವಳು, ಆಟಕ್ಕಿಂತ ಅಂಕಿಅಂಶದ ಹುಚ್ಚು ಹೆಚ್ಚು. ಕನ್ನಡ ಕೈಬರಹ ಅವಳಿಗೆ ಓದಲು ಬಾರದು.

"ಡಾಕ್ಟರ್ ಅಂಕಲ್ ಏನಂತಾರೆ?"

"ಟಾಲ್ಬರ್ಟ್ ಮೂರನೆಯವನಂತೆ."

"ಥರ್ಡ್? ಲೈಕ್, ಥರ್ಡ್ ಇನ್ ಹಿಸ್ ಫ್ಯಾಮಿಲಿ?"

"ಪ್ರಪಂಚದಲ್ಲಿ. ಎಲ್ಲಾ ಕಾಲಕ್ಕೂ."

ನಿಧಿ ಚಮಚವನ್ನು ಬಟ್ಟಲಲ್ಲಿಟ್ಟಳು. "ಅಮ್ಮಾ, ಫೈವ್ ಹಂಡ್ರೆಡ್ ಹೋಮ್ ರನ್ ಮಾಡಿದೋರೇ ಟ್ವೆಂಟಿ-ಏಟ್ ಜನ ಇದ್ದಾರೆ. ಇವ್ನು ಆ ಕ್ಲಬ್ಬಲ್ಲೇ ಇಲ್ಲ. ಅಂಕಲ್‌ಗೆ ವೆಡ್ನೆಸ್‌ಡೇ ನ್ಯೂಸೂ ಗೊತ್ತಿಲ್ವಾ? ಬ್ಯಾಟಿಂಗ್ ಲಿಸ್ಟೇ ಚೇಂಜ್ ಆಯ್ತು. ಎವ್ರಿಬಡಿ ಮೂವ್ಡ್ ಡೌನ್."

ಮೂರು ದಿನಗಳ ಹಿಂದೆ, ಮೇ 29ರಂದು, ಅಮೆರಿಕದ ಬೇಸ್‌ಬಾಲ್ ಸಂಸ್ಥೆಯಾದ ಮೇಜರ್ ಲೀಗ್ ತನ್ನ ದಾಖಲೆ ಪುಸ್ತಕಕ್ಕೆ ಹಳೆಯ ನೀಗ್ರೋ ಲೀಗ್‌ಗಳ ಅಂಕಿಗಳನ್ನು ಸೇರಿಸಿತ್ತು. ಬಿಳಿಯರ ತಂಡಗಳು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ಕಪ್ಪು ಆಟಗಾರರು ಆಡಿದ ಲೀಗ್‌ಗಳು ಅವು. 1947ರಲ್ಲಿ ತೀರಿಕೊಂಡ ಜೋಶ್ ಗಿಬ್ಸನ್, ಸತ್ತ ಎಪ್ಪತ್ತೇಳು ವರ್ಷಗಳ ಮೇಲೆ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲನೆಯವನಾಗಿದ್ದ. ಅವನು ಇದೇ ವಾಷಿಂಗ್ಟನ್‌ನಲ್ಲೂ ಆಡಿದ್ದವನು. ಆ ಮೈದಾನವಿದ್ದ ಜಾಗದಲ್ಲಿ ಈಗ ಆಸ್ಪತ್ರೆಯಿದೆ. ಡಾಕ್ಟರರ ಒಂಬತ್ತು ಹಾಳೆಗಳಲ್ಲಿ ಗಿಬ್ಸನ್‌ನ ಹೆಸರು ಒಂದು ಕಡೆಯೂ ಇರಲಿಲ್ಲ.

ಇಷ್ಟಾದರೂ ಮೈಥಿಲಿ ಸಹಿಸುತ್ತಿದ್ದಳು. ಯಾರು ಶ್ರೇಷ್ಠ ಎಂಬುದು ಅಭಿಪ್ರಾಯ. ಅಭಿಪ್ರಾಯಕ್ಕೆ ಸಂಪಾದಕಿ ಕಾಗುಣಿತ ತಿದ್ದಬಹುದು, ಅಷ್ಟೆ. ಅವಳ ಪೆನ್ಸಿಲು ನಿಂತದ್ದು ಆರನೆಯ ಹಾಳೆಯಲ್ಲಿ.

'ಇದನ್ನು ಹೇಳುವ ಅಧಿಕಾರ ನನಗೇನಿದೆ ಎಂದು ಕೇಳುವವರಿಗೆ ಒಂದೇ ಉತ್ತರ. 1974ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ಆರನ್ ತನ್ನ 715ನೆಯ ಹೋಮ್ ರನ್ ಹೊಡೆದು ರೂತ್‌ನ ದಾಖಲೆ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ದಿನ ಊರಿಗೆ ಸುಂಟರಗಾಳಿ ಬಡಿದಿತ್ತು. ರಾತ್ರಿಯಿಡೀ ಗಾಯಾಳುಗಳಿಗೆ ಹೊಲಿಗೆ ಹಾಕಿ, ಸ್ನಾನವನ್ನೂ ಮಾಡದೆ ಮೈದಾನಕ್ಕೆ ಹೋದೆ. ಮಧ್ಯಾಹ್ನದ ಬೆಳಕು. ಎದುರಾಳಿಗಳದು ಕೆಂಪು ಟೋಪಿ. ದೇಶದ ಉಪಾಧ್ಯಕ್ಷರೂ ಬಂದಿದ್ದರು. ಮೊದಲನೆಯ ಇನಿಂಗ್ಸಿನಲ್ಲೇ ಆರನ್ ಆ ಮಣಿಕಟ್ಟು ತಿರುವಿದ.'

ಅವಳು ಲ್ಯಾಪ್‌ಟಾಪಿನಲ್ಲಿ ಹಳೆಯ ಪತ್ರಿಕೆಗಳ ಕಡತ ತೆರೆದಳು. ಕೌಂಟಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಿಗೆ ಅದಕ್ಕೆ ಎರಡು ನಿಮಿಷ ಸಾಕಿತ್ತು. 715ನೆಯದು 1974ರ ಏಪ್ರಿಲ್ 8, ಸೋಮವಾರ. ಹೊಡೆದದ್ದು ರಾತ್ರಿ ಒಂಬತ್ತು ಗಂಟೆ ಏಳು ನಿಮಿಷಕ್ಕೆ, ನಾಲ್ಕನೆಯ ಇನಿಂಗ್ಸಿನಲ್ಲಿ. ಎದುರಾಳಿ ಲಾಸ್ ಏಂಜಲೀಸ್, ಅವರದು ನೀಲಿ ಟೋಪಿ. ಬಂದಿದ್ದವರು ರಾಜ್ಯದ ಗವರ್ನರ್. ಹಿಂದಿನ ದಿನ ಅಟ್ಲಾಂಟಾದಲ್ಲಿ ಸುಂಟರಗಾಳಿಯ ಸುದ್ದಿಯೇ ಇಲ್ಲ.

ಒಂದು ಪ್ಯಾರಾದಲ್ಲಿ ಐದು ಸುಳ್ಳು. ಐದೂ ವಿವರವಾದ ಸುಳ್ಳುಗಳು. ಮೈಸೂರಿನಲ್ಲಿ ಅವಳ ಕೈಕೆಳಗಿದ್ದ ಒಬ್ಬ ವರದಿಗಾರ ಮಳೆಯಿಂದ ರದ್ದಾದ ಪಂದ್ಯದ ವರದಿಯನ್ನು, ನಡೆದೇ ಇಲ್ಲದ ಒಂದು ಕ್ಯಾಚಿನ ಸಮೇತ, ಬರೆದುಕೊಟ್ಟಿದ್ದ. ಅವನಾದರೂ ಹೊಟ್ಟೆಪಾಡಿಗೆ ಬರೆದಿದ್ದ.

ಅವಳು ಬಳಗದ ಅಧ್ಯಕ್ಷ ವೇಣುಗೋಪಾಲನಿಗೆ ಫೋನು ಮಾಡಿದಳು. ಸ್ಟರ್ಲಿಂಗ್‌ನ ಡೇಟಾ ಸೆಂಟರ್ ಒಂದರಲ್ಲಿ ಮ್ಯಾನೇಜರ್ ಆಗಿದ್ದ ಅವನು ಬಳಗವನ್ನೂ ಸರ್ವರುಗಳಂತೆಯೇ ನಡೆಸುತ್ತಿದ್ದ. ನಿಲ್ಲಬಾರದು, ಅಷ್ಟೆ. ಒಳಗೆ ಏನು ಓಡುತ್ತಿದೆ ಎಂಬುದು ಮುಖ್ಯವಲ್ಲ.

"ಮೈಥಿಲಿ, ಮುಂದಿನ ಶನಿವಾರ ಶಾರ್ಲೆಟ್‌ನಲ್ಲಿ ಮೂರೂ ಕಡೆಯ ಬಳಗ ಸೇರಿ ಅವರಿಗೆ ಸನ್ಮಾನ ಮಾಡ್ತಿದೀವಿ. ಬಿನ್ನವತ್ತಳೆ ಆಗ್ಲೇ ಫ್ರೇಮ್ ಹಾಕ್ಸಿ ಆಯ್ತು. ಅದರಲ್ಲೂ ಸೆವೆನ್ ಫಿಫ್ಟೀನ್ ಅಂತಾನೇ ಇದೆ."

"ಅದು ಸುಳ್ಳು."

"ಎಪ್ಪತ್ತೆಂಟು ವರ್ಷದೋರು. ಏನೋ ಆ ಕಡೆ ಈ ಕಡೆ ಆಗಿರತ್ತೆ. ಯಾರು ಚೆಕ್ ಮಾಡ್ತಾರೆ ಹೇಳಿ?"

"ನಾನು."

ಆ ಕಡೆ ಕಾರಿನ ಇಂಡಿಕೇಟರ್ ಶಬ್ದ ಕೇಳಿಸಿತು. "ನೋಡಿ, ಲೇಖನ ಇಲ್ದೆ ಸಂಚಿಕೆ ಬರಲ್ಲ. ನಿಮಗೆ ಕಷ್ಟ ಅಂದ್ರೆ ಫೈಲ್ಸ್ ಕಳಿಸ್ಬಿಡಿ, ಶ್ರೇಯಸ್ ಪೇಜ್ ಮಾಡ್ತಾನೆ. ಸಂಪಾದಕರ ಹೆಸರೂ ಅವನದೇ ಹಾಕ್ಕೊಳೋಣ. ನಾಳೆ ಸಂಜೆ ಒಳಗೆ ಹೇಳಿ."

ಶ್ರೇಯಸ್ ಕಳೆದ ವರ್ಷ ಯುಗಾದಿ ಆಹ್ವಾನದಲ್ಲಿ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಹರಡಿದ್ದ ಯುವಕ. ಆದರೆ ಮಾತು ಸ್ಪಷ್ಟವಾಗಿತ್ತು. 715 ಅಚ್ಚಾದರೆ ಅದು ಮೈಥಿಲಿಯ ಹೆಸರಿನ ಕೆಳಗೆ ಅಚ್ಚಾಗುತ್ತದೆ. ಅಚ್ಚಾಗದಿದ್ದರೆ ಆ ಹೆಸರೇ ಇರುವುದಿಲ್ಲ. ಪತ್ರಿಕೆ ಬಿಟ್ಟು ಬಂದ ಮೇಲೆ ಈ ದೇಶದಲ್ಲಿ ಅವಳಿಗೆ ಉಳಿದಿದ್ದ ಪುಟಗಳೆಂದರೆ ವರ್ಷಕ್ಕೊಮ್ಮೆ ಬರುವ ಈ ತೊಂಬತ್ತಾರೇ. ಜನ ಅದನ್ನು ಓದುವುದು ತಮ್ಮ ಮಕ್ಕಳ ಫೋಟೊ ಎಲ್ಲಿದೆ ಎಂದು ನೋಡಲು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಅದರಲ್ಲಿ ಒಂದು ತಪ್ಪು ಇಸವಿಯನ್ನೂ ಅವಳು ಬಿಟ್ಟಿರಲಿಲ್ಲ. ಹಾಗೆಂದು ಅವಳು ನಂಬಿದ್ದಳು.

ಊಟ ಮುಗಿಸಿ ಅವಳು ಕಾರು ತೆಗೆದಳು. ಎಪ್ಪತ್ತನೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಡಮಾಸ್ಕಸ್ ದಾಟಿದರೆ ಕ್ಲಾರ್ಕ್ಸ್‌ಬರ್ಗ್. ಡಾಕ್ಟರರೂ ಅವರ ಹೆಂಡತಿ ಗೌರಾಬಾಯಿಯೂ ಅಲ್ಲಿ ಮಗನ ಹೊಸ ಮನೆಯ ಕೆಳ ಅಂತಸ್ತಿನಲ್ಲಿದ್ದರು. ದಾರಿಯುದ್ದಕ್ಕೂ ಅವಳು ಹೇಳಬೇಕಾದ ವಾಕ್ಯಗಳನ್ನು ಚಿಕ್ಕದು ಮಾಡುತ್ತ ಹೋದಳು. ಸುಳ್ಳುಗಾರನೊಡನೆ ಮಾತು ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ಅವಳು ಪತ್ರಿಕೆಯಲ್ಲಿ ಕಲಿತ ಪಾಠ.

ಬಾಗಿಲು ತೆಗೆದವರು ಡಾಕ್ಟರರೇ. ಎತ್ತರದ ಆಳು, ವಿಜಯಪುರದ ಕಡೆಯವರು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಎದುರು ಬಂದವರ ನಡಿಗೆಯನ್ನು ನೋಡಿ ಮಂಡಿಯ ಸ್ಥಿತಿ ಹೇಳುವ ಚಟ ಬಿಟ್ಟಿರಲಿಲ್ಲ.

"ಬರ್ರಿ ಮೈಥಿಲಿ, ಒಳಗ ಬರ್ರಿ. ಎಡಗಾಲು ಹಗೂರಕ್ಕ ಇಡ್ಲಿಕ್ಕತ್ತೀರಿ, ತೋರಿಸ್ಕೋರಿ. ಲೇಖನ ಓದಿದ್ರೇನು?"

"ಓದಿದೆ ಸರ್. ಅದಕ್ಕೇ ಬಂದೆ."

"ಹೆಂಗದ?"

"ಅಕ್ಷರ ಚೆನ್ನಾಗಿದೆ."

ಒಲೆಯ ಮುಂದಿದ್ದ ಗೌರಾಬಾಯಿ ತಿರುಗದೆಯೇ ನಕ್ಕರು. "ಐವತ್ತು ವರ್ಷದಾಗ ಇವರ ಅಕ್ಷರ ಚಲೋ ಅದ ಅಂದವರು ನೀವ ಮೊದಲನೇದವರು ನೋಡ್ರಿ."

ಮೈಥಿಲಿ ಕೂತಳು. ಚಹಾ ಬಂತು, ಶೇಂಗಾ ಹೋಳಿಗೆ ಬಂತು. ಅವಳು ಯಾವುದನ್ನೂ ಮುಟ್ಟಲಿಲ್ಲ.

"ಟಾಲ್ಬರ್ಟ್ ಮೂರನೆಯವನು ಯಾವ ಲೆಕ್ಕದಲ್ಲಿ ಸರ್?"

"ನನ್ನ ಲೆಕ್ಕದಾಗ."

"ಹೋಮ್ ರನ್‌ನಲ್ಲೇ ಅವನ ಮುಂದೆ ಕಡೇ ಪಕ್ಷ ಇಪ್ಪತ್ತೆಂಟು ಜನ ಇದ್ದಾರೆ."

"ತಾಕತ್ತಿನ ಔಷಧ ಚುಚ್ಚಿಸಿಕೊಂಡವರನ್ನ ತಗದು ಹೇಳ್ರಿ."

"ತೆಗೆದ ಮೇಲೂ ನಿಮ್ಮ ಟಾಲ್ಬರ್ಟ್‌ಗೆ ಮೂರನೇ ಕುರ್ಚಿ ಖಾಲಿ ಆಗಲ್ಲ. ಬುಧವಾರದಿಂದ ಗಿಬ್ಸನ್ ಬೇರೆ ಬಂದು ಕೂತಿದ್ದಾನೆ."

"ಆತು. ಮೂರು ಬ್ಯಾಡ. ಐದು ಮಾಡ್ರಿ."

"ಇದು ತರಕಾರಿ ಸಂತೆ ಅಲ್ಲ ಸರ್."

"ಏಳು?"

"ನೀವು ಎಪ್ಪತ್ತನೇದು ಅಂದ್ರೂ ನಂಗೆ ಅಭ್ಯಂತರ ಇಲ್ಲ, ಮೂರನೇದು ಅಂದ್ರೂ ಇಲ್ಲ. ನಗೋರು ನಗ್ತಾರೆ. ನಾನು ಬಂದಿದ್ದು ಆರನೇ ಹಾಳೆಗೆ."

ಅವಳು ತನ್ನ ಟಿಪ್ಪಣಿಯ ಹಾಳೆಯನ್ನು ಬಿಚ್ಚಿ, ಓದಿ ಹೇಳಿದಳು. ಆ ಪಂದ್ಯ ನಡೆದದ್ದು ರಾತ್ರಿ. ಟೋಪಿ ನೀಲಿ. ಇನಿಂಗ್ಸು ನಾಲ್ಕನೆಯದು. ಉಪಾಧ್ಯಕ್ಷರು ಬಂದಿರಲಿಲ್ಲ. ಸುಂಟರಗಾಳಿ ಬೀಸಿರಲಿಲ್ಲ. ಒಂದೊಂದಕ್ಕೂ ಒಂದು ಕ್ಷಣ ನಿಲ್ಲಿಸಿ, ಅವರ ಮುಖ ನೋಡಿ, ಮುಂದಿನದಕ್ಕೆ ಹೋದಳು. ಡಾಕ್ಟರರು ಮೊದಲು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. ಆಮೇಲೆ ತಲೆ ಎತ್ತುವುದನ್ನು ನಿಲ್ಲಿಸಿದರು.

"ನೀವು ಅಲ್ಲಿ ಇರಲಿಲ್ಲ ಸರ್," ಎಂದಳು ಮೈಥಿಲಿ. ದಾರಿಯಲ್ಲಿ ಉಳಿಸಿಕೊಂಡಿದ್ದ ವಾಕ್ಯ ಅದೊಂದೇ.

ಗೌರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಪಕ್ಕ ನಿಂತರು.

"ಇರಲಿಲ್ಲ, ಖರೆ ಅದ. ಎಪ್ಪತ್ನಾಕರಾಗ ನಾವು ಅಟ್ಲಾಂಟಾ ನೋಡೇ ಇದ್ದಿಲ್ಲ. ಅವರು ಇದ್ದದ್ದು ಸಿನ್ಸಿನಾಟಿ ದವಾಖಾನಿಯೊಳಗ."

"ನೀವು ಸುಮ್ನಿರು," ಎಂದರು ಡಾಕ್ಟರರು. ಗಾಬರಿಯಲ್ಲಿ ಅವರ ಬಹುವಚನವೂ ಏಕವಚನವೂ ಕಲಸಿಹೋಗಿದ್ದವು.

"ಯಾಕ ಸುಮ್ನಿರ್ಲಿ? ಹದಿಮೂರು ವರ್ಷ ಸುಮ್ನ ಇದ್ದೀನಿ." ಅವರು ಎದುರಿನ ಗೋಡೆ ತೋರಿಸಿದರು. "ಅಲ್ಲಿ ಎಲ್ಲಾ ಬರದದ ನೋಡ್ರಿ. ಎಡಗಡಿಯಿಂದ ಓದ್ಕೋತ ಹೋಗ್ರಿ."

ಗೋಡೆಯ ಮೇಲೆ ಬಿನ್ನವತ್ತಳೆಗಳಿದ್ದವು. ಅಮೆರಿಕದ ಯಾವ ಕನ್ನಡ ಸಂಘವೂ ಹಿರಿಯರನ್ನು ಶಾಲು ಹೊದಿಸಿ ಸುಮ್ಮನೆ ಮನೆಗೆ ಕಳಿಸುವುದಿಲ್ಲ. ಅಂಚಿಗೆ ಬಂಗಾರದ ಬಣ್ಣದ ಬಳ್ಳಿ, ನಡುವೆ ಹೊಗಳಿಕೆ, ಅದಕ್ಕೊಂದು ಗಾಜು. ಬರೆಯುವವರು ಹಿಂದಿನ ಸಂಘದ್ದನ್ನು ಎದುರಿಗಿಟ್ಟುಕೊಂಡು ಅದಕ್ಕಿಂತ ಒಂದು ಕೈ ಮೇಲೆ ಬರೆಯುತ್ತಾರೆ. ಹಾಗೆ ಬರೆಯದಿದ್ದರೆ ಹಿಂದಿನವರಿಗಿಂತ ಕಡಿಮೆ ಗೌರವ ಕೊಟ್ಟಂತಾಗುತ್ತದೆ.

1989, ಅಟ್ಲಾಂಟಾ: 'ಸಿನ್ಸಿನಾಟಿಯಲ್ಲಿ ಆರನ್ ರೂತ್‌ನ ದಾಖಲೆಯನ್ನು ಸರಿಗಟ್ಟಿದ 714ನೆಯ ಹೊಡೆತವನ್ನು ಕಂಡವರು.' 2003, ಶಾರ್ಲೆಟ್: ಅದೇ ಮಾತು, ಜೊತೆಗೆ 'ಅಸ್ಥಿವೈದ್ಯ ರತ್ನ'. ಮುಂದಿನದು 2011, ಪೊಟೋಮ್ಯಾಕ್ ಬಳಗದ್ದು: 'ಅಟ್ಲಾಂಟಾದಲ್ಲಿ ದಾಖಲೆ ಮುರಿದ 715ನೆಯ ಹೊಡೆತವನ್ನು ಕಣ್ಣಾರೆ ಕಂಡ ಕನ್ನಡಿಗ.' ಅಲ್ಲಿಂದ ಏರು ಹಾದಿ. 2015ರಲ್ಲಿ ಅವರು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. 2019ರ ಹೊತ್ತಿಗೆ ಆರನ್‌ನ ಕೈಕುಲುಕಿದ್ದರು.

ಮೈಥಿಲಿ ಮೂರನೆಯ ಗಾಜಿನ ಮುಂದೆ ನಿಂತಳು. 714 ಎಂದರೆ 1974ರ ಏಪ್ರಿಲ್ 4. ವರ್ಷದ ಮೊದಲ ಪಂದ್ಯ, ಸಿನ್ಸಿನಾಟಿಯಲ್ಲಿ, ಹಗಲು ಹೊತ್ತು. ಆ ಊರಿನ ತಂಡದ್ದು ಕೆಂಪು ಟೋಪಿ. ಉಪಾಧ್ಯಕ್ಷ ಫೋರ್ಡ್ ಬಂದಿದ್ದರು. ಏಪ್ರಿಲ್ 3ರಂದು ಆ ಸೀಮೆಯನ್ನೆಲ್ಲ ಸುಂಟರಗಾಳಿಗಳು ಬಡಿದು ಹಾಕಿದ್ದವು. ಎಲ್ಲವೂ ಅವಳಿಗೆ ಗೊತ್ತಿದ್ದದ್ದೇ, ಇಲ್ಲವೇ ಎರಡು ನಿಮಿಷದಲ್ಲಿ ಗೊತ್ತಾಗಬಹುದಾಗಿದ್ದದ್ದೇ. ಸುಳ್ಳು ಹಿಡಿಯುವ ಆತುರದಲ್ಲಿ ಅವಳು 715ರ ದಿನವನ್ನು ಮಾತ್ರ ತೆರೆದು ನೋಡಿದ್ದಳು. ಆ ಐದು ವಿವರಗಳು ಕೂಡಿಬರುವ ದಿನ ಬೇರೊಂದಿದೆಯೇ ಎಂದು ಹುಡುಕಿರಲಿಲ್ಲ.

ಆದರೂ ಅವಳಿಗೆ ಮೊದಲು ಬಂದದ್ದು ಸಿಟ್ಟೇ.

"ಸರಿಯಾಗಿದ್ದಿದ್ದನ್ನ ಹಾಳು ಮಾಡಿದ್ದಾರೆ. ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ, ಎರಡು ಸಾವಿರದ ಹನ್ನೊಂದರಲ್ಲಿ?"

ಗೌರಾಬಾಯಿ ಗಂಡನ ಮುಖ ನೋಡಿದರು. ಡಾಕ್ಟರರು ಬೇಡವೆಂಬಂತೆ ಕೈಯಾಡಿಸಿದರು. ಆಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲು ತಂದು, ಒಂದು ಹಾಳೆ ತೆಗೆದು ಚಹಾದ ಲೋಟದ ಪಕ್ಕ ಇಟ್ಟರು.

2011ರ ಸಂಚಿಕೆಗೂ ಸನ್ಮಾನಕ್ಕೂ ಎಂದು ಡಾಕ್ಟರರು ತಮ್ಮ ಬಗ್ಗೆ ಬರೆದುಕೊಟ್ಟಿದ್ದ ಪರಿಚಯದ ಹಾಳೆ. ಅದರ ಮೇಲೆ ಕೆಂಪು ಶಾಯಿ. 'ಆರನ್‌ನ ಪ್ರಸಿದ್ಧ 714ನೆಯ ಹೊಡೆತವನ್ನು ಸಿನ್ಸಿನಾಟಿಯಲ್ಲಿ ಕಂಡೆ' ಎಂಬಲ್ಲಿ 714ರ ಮೇಲೆ ಒಂದು ಗೀಟು, ಸಿನ್ಸಿನಾಟಿಯ ಮೇಲೆ ಒಂದು ಗೀಟು. ಅಂಚಿನಲ್ಲಿ ನೆಟ್ಟಗಿನ ಸಣ್ಣ ಅಕ್ಷರ: 'ಸರ್, ಪ್ರಸಿದ್ಧ ದಾಖಲೆ 715. ಅಟ್ಲಾಂಟಾ, ಏಪ್ರಿಲ್ 8. ಖಚಿತಪಡಿಸಿಕೊಂಡಿದ್ದೇನೆ. ಮೈ.'

ಅವಳ ಅಕ್ಷರ. ಅವಳು ಬಳಗಕ್ಕೆ ಸೇರಿದ ಮೊದಲ ವರ್ಷ. ಬೇಸ್‌ಬಾಲ್ ಎಂದರೆ ಏನೆಂದೇ ಗೊತ್ತಿಲ್ಲದಿದ್ದಾಗ, ಗ್ರಂಥಾಲಯದಲ್ಲಿ ಅರ್ಧ ಗಂಟೆ ಕೂತು ಒಂದು ಪುಸ್ತಕದಲ್ಲಿ ಒಂದು ಪುಟ ನೋಡಿ, ಈ ಡಾಕ್ಟರುಗಳು ಏನನ್ನೂ ಸರಿಯಾಗಿ ನೆನಪಿಡುವುದಿಲ್ಲ ಎಂದುಕೊಂಡದ್ದು ಅವಳಿಗೆ ಈಗ ನೆನಪಾಯಿತು. ಆ ಹಾಳೆಯನ್ನು ಅವರ ಕೈಗೆ ಮರಳಿಸುವಾಗ ತನಗಾಗಿದ್ದ ಸಣ್ಣ ಸಂತೋಷವೂ ನೆನಪಾಯಿತು.

ಮೇಲಿನ ಅಂತಸ್ತಿನಲ್ಲಿ ಯಾರೋ ವ್ಯಾಕ್ಯೂಮ್ ಕ್ಲೀನರ್ ಓಡಿಸುತ್ತಿದ್ದರು.

"ನೀವು ನನಗೆ ಹೇಳಬಹುದಿತ್ತು," ಎಂದಳು ಮೈಥಿಲಿ.

"ಸಿಟ್ಟು ಬಂದಿತ್ತು. ಫೋನ್ ಮಾಡಬೇಕಂತ ನಂಬರ್ ಸುದ್ದಾ ತಗದಿದ್ದೆ," ಎಂದರು ಡಾಕ್ಟರರು. "ಆಮ್ಯಾಲೆ ಸ್ಟೇಜ್ ಮ್ಯಾಲೆ ಅದನ್ನ ಓದಿದ್ರು. ಏನು ಚಪ್ಪಾಳಿ ಅಂತೀರಿ. ಏಳ್ನೂರ ಹದಿನಾಕಕ್ಕ ಒಬ್ಬರೂ ಹೊಡದಿದ್ದಿಲ್ಲ. ಹದಿನಾಕು ಅಂದ್ರ ಮಂದಿ ಕೇಳ್ತಾರ, ಮುಂದ ಏನಾತು ಅಂತ. ಹದಿನೈದು ಅಂದ್ರ ಎದ್ದು ನಿಲ್ತಾರ. ಒಂದು ನಂಬರದ ಫರಕು."

"ಒಂದು ನಂಬರದ್ದು, ನಾಲ್ಕು ದಿನದ್ದು, ಒಂದು ಊರಿನದ್ದು."

"ನೀವು ಪೇಪರ್‌ನ್ಯಾಗ ಇದ್ದವರು. ಖಚಿತಪಡಿಸಿಕೊಂಡೀನಿ ಅಂತ ಬೇರೆ ಬರದಿದ್ರಿ." ಅವರು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

"ಮೂರನೇ ಸಾಲು? ಕೈಕುಲುಕಿದ್ದು?"

"ಅವು ನಾ ಹೇಳಿದ್ದಲ್ಲ. ನಾ ಬ್ಯಾಡ ಅಂದದ್ದೂ ಅಲ್ಲ."

"ಬಿಟ್ರ ಆರನ್‌ಗ ಬ್ಯಾಟ್ ಹಿಡಿಯೋದು ಇವರ ಕಲಿಸ್ಯಾರ ಅಂತ ಮುಂದಿನ ವರ್ಷ ಬರೀತಿದ್ರು," ಎಂದರು ಗೌರಾಬಾಯಿ. "ಖರೆ ಏನಾತು ಅದನ್ನ ಹೇಳ್ರಿ ಆಕಿಗೆ. ನನಗ ಹೇಳಿದಂಗ ಹೇಳ್ರಿ."

ಡಾಕ್ಟರರು ಹೇಳಿದ್ದು ನಾಲ್ಕೇ ಮಾತು. ಸುಂಟರಗಾಳಿ ಬಡಿದ ಆ ಬುಧವಾರ ಸಂಜೆಯಿಂದ ಗುರುವಾರ ಬೆಳಗಿನವರೆಗೆ ಅವರು ಹೊಲಿಗೆ ಹಾಕಿದ್ದರು, ಮುರಿದ ಕೈಗಳನ್ನು ಕೂಡಿಸಿದ್ದರು. ಒಬ್ಬ ರೋಗಿಯ ಅಣ್ಣ, ತನಗೆ ಹೋಗಲಾಗದೆಂದು, ಮೈದಾನದ ಟಿಕೆಟನ್ನು ಇವರ ಕಿಸೆಗೆ ತುರುಕಿದ್ದ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಜನ ಎದ್ದಾಗ ಎದ್ದರು. ಆ ಮನುಷ್ಯನ ಮಣಿಕಟ್ಟು ತಿರುಗಿದ್ದನ್ನು ಮಾತ್ರ ನೋಡಿದರು. ರಾತ್ರಿಯಿಡೀ ಮುರಿದ ಮಣಿಕಟ್ಟುಗಳನ್ನೇ ನೋಡಿದ್ದ ಕಣ್ಣಿಗೆ, ಅಷ್ಟು ಗಟ್ಟಿಯಾದದ್ದು ಒಂದು ಕಂಡಿತ್ತು.

"ಇದನ್ನ ಯಾಕೆ ಬರೀಲಿಲ್ಲ ಸರ್? ಒಂಬತ್ತು ಹಾಳೆ ಟಾಲ್ಬರ್ಟ್‌ಗೆ ಯಾಕೆ?"

"ಇದರಾಗ ಏನದ? ನಿದ್ದಿಗೆಟ್ಟವನೊಬ್ಬ ಕೂತು ನೋಡಿದ."

ಮೈಥಿಲಿ ಹೋಳಿಗೆಯ ತಟ್ಟೆಯನ್ನು ಸರಿಸಿ, ತನ್ನ ಟಿಪ್ಪಣಿಯ ಹಿಂಬದಿಯಲ್ಲಿ ಅಲ್ಲೇ ಬರೆದಳು. ಬರೆದು ಓದಿದಳು: 'ತಿದ್ದುಪಡಿ. 2011ರ ಸಂಚಿಕೆಯಲ್ಲಿ ಡಾ. ಸೋಮಲಿಂಗಪ್ಪನವರು ಆರನ್‌ರ 715ನೆಯ ಹೋಮ್ ರನ್ ಕಂಡರೆಂದು ಅಚ್ಚಾಗಿದೆ. 714, ಸಿನ್ಸಿನಾಟಿ, 1974ರ ಏಪ್ರಿಲ್ 4 ಎಂದಿರಬೇಕಿತ್ತು. ಅವರು ಸರಿಯಾಗಿಯೇ ಬರೆದುಕೊಟ್ಟಿದ್ದರು. ತಪ್ಪು ಸಂಪಾದಕಿಯದು. ಮೈಥಿಲಿ.'

"ಬ್ಯಾಡ್ರಿ," ಎಂದರು ಡಾಕ್ಟರರು. "ಶಾರ್ಲೆಟ್‌ನ್ಯಾಗ ನಕ್ಕಾರು."

"ನನ್ನನ್ನ ನೋಡಿ ನಗ್ತಾರೆ. ನಿಮ್ಮನ್ನಲ್ಲ."

"ಹದಿಮೂರು ವರ್ಷ ಬಾಯಿ ಮುಚ್ಕೊಂಡಿದ್ದಕ್ಕ?"

"ಅದು ತಿದ್ದುಪಡಿಯಲ್ಲಿ ಇಲ್ಲ ಸರ್. ಅದನ್ನ ನೀವು ಹೇಳ್ಬೇಕು ಅನ್ಸಿದ್ರೆ ಹೇಳಿ."

ಡಾಕ್ಟರರು ಒಂಬತ್ತು ಹಾಳೆಗಳ ಮೂಲಪ್ರತಿ ತರಿಸಿ, ಆರನೆಯದನ್ನು ಹೊರಗೆಳೆದು, ಆ ಪ್ಯಾರಾವನ್ನು ಹೊಸದಾಗಿ ಬರೆದರು. 714. ಸಿನ್ಸಿನಾಟಿ. ಸುಂಟರಗಾಳಿ, ಕೆಂಪು ಟೋಪಿ, ಉಪಾಧ್ಯಕ್ಷರು, ಮೊದಲನೆಯ ಇನಿಂಗ್ಸು ಎಲ್ಲ ಹಾಗೆಯೇ ಉಳಿದವು.

"ಟಾಲ್ಬರ್ಟ್ ಮೂರನೇದವನ," ಎಂದರು ಹಾಳೆ ಕೊಡುತ್ತ. "ಅದಕ್ಕ ಕೆಂಪು ಶಾಯಿ ಹಚ್ಚಬ್ಯಾಡ್ರಿ."

"ಹಚ್ಚಲ್ಲ. ಕೆಳಗೆ 487 ಅಂತ ಹಾಕ್ತೀನಿ. ಓದೋರು ಲೆಕ್ಕ ಮಾಡ್ಕೊಳ್ಳಲಿ."

"ನಮ್ಮ ಮಂದಿ ಲೆಕ್ಕ ಮಾಡೂದಿಲ್ಲ."

ಆ ಒಂದು ಮಾತಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮೈಥಿಲಿ ಆರಿದ ಚಹಾ ಕುಡಿದು ಎದ್ದಳು.

ಭಾನುವಾರ ಸಂಜೆ ವೇಣುಗೋಪಾಲ ತಿದ್ದುಪಡಿ ನೋಡಿ ಫೋನು ಮಾಡಿದ. "ನಮ್ಮ ತಪ್ಪನ್ನ ನಾವೇ ಅಚ್ಚು ಹಾಕಿ ಹಂಚ್ಬೇಕಾ ಮೈಥಿಲಿ? ಯಾರಿಗೂ ಗೊತ್ತೇ ಇರ್ಲಿಲ್ಲ."

"ಗೌರಾಬಾಯಿ ಆಂಟಿಗೆ ಗೊತ್ತಿತ್ತು."

"ಅವರೊಬ್ಬರಿಗೆ."

"ಫೈಲ್ಸ್ ಶ್ರೇಯಸ್‌ಗೆ ಕಳಿಸ್ಲಾ?"

ವೇಣುಗೋಪಾಲ ಯೋಚಿಸಿದ. ಶ್ರೇಯಸ್ ಆ ದಿನ ಮಧ್ಯಾಹ್ನವೇ ಅವನಿಗೆ ಮೆಸೇಜು ಕಳಿಸಿ, ತೊಂಬತ್ತಾರು ಪುಟ ತನ್ನ ಕೈಲಾಗದೆಂದು ಹೇಳಿಬಿಟ್ಟಿದ್ದ. ತಿದ್ದುಪಡಿ ಮೂರನೆಯ ಪುಟದ ಕೆಳಗೆ, ಸೀರೆ ಅಂಗಡಿಯ ಜಾಹೀರಾತಿನ ಮೇಲೆ, ಅಚ್ಚಾಯಿತು.

ಜೂನ್ ಎಂಟರಂದು ಶಾರ್ಲೆಟ್‌ನ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ನಾನೂರು ಜನ ಸೇರಿದ್ದರು. ಸಂಚಿಕೆ ಎಲ್ಲರ ಕೈಯಲ್ಲೂ ಇತ್ತು. ಎಲ್ಲರೂ ಮಕ್ಕಳ ಫೋಟೊ ಹುಡುಕುತ್ತಿದ್ದರು. ಬಿನ್ನವತ್ತಳೆಯನ್ನು ಹೊಸದಾಗಿ ಬರೆಸಿ ಗಾಜು ಹಾಕಿಸಲು ಸಮಯವಿರಲಿಲ್ಲವಾದ್ದರಿಂದ ವೇಣುಗೋಪಾಲ ಹಳೆಯದನ್ನೇ ಓದಿದ. 715 ಎಂಬಲ್ಲಿ ಸಭೆ ಎದ್ದು ನಿಂತಿತು. ಐದನೆಯ ಸಾಲಿನಲ್ಲಿದ್ದ ಮೈಥಿಲಿ ಏಳಲಿಲ್ಲ. ಅವಳ ಪಕ್ಕದ ಗೌರಾಬಾಯಿಯೂ ಏಳಲಿಲ್ಲ.

ಶಾಲು ಹೊದ್ದ ಡಾಕ್ಟರರು ಮೈಕಿನ ಮುಂದೆ ಬಂದು, ಚಪ್ಪಾಳೆ ಮುಗಿಯುವವರೆಗೆ ಕಾದರು. ಅದು ಮುಗಿಯಲು ಸ್ವಲ್ಪ ಹೊತ್ತೇ ಹಿಡಿಯಿತು.

"ನಾ ನೋಡಿದ್ದು ಏಳ್ನೂರ ಹದಿನಾಕು," ಎಂದರು. "ಸಿನ್ಸಿನಾಟಿಯೊಳಗ. ಹದಿನೈದು ನಾ ನೋಡಿಲ್ಲ. ಹದಿಮೂರು ವರ್ಷ ನೋಡೀನಿ ಅಂತ ಹೇಳ್ಕೋತ ಬಂದೆ. ಅದು ಸುಳ್ಳು."

ಹಿಂದಿನ ಸಾಲಿನಲ್ಲಿ ಯಾರೋ, "ಎಂಥಾ ವಿನಯ ನೋಡಿ, ದೊಡ್ಡೋರು," ಎಂದರು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಂತು. ಡಾಕ್ಟರರು ಮತ್ತೆ ಏನೋ ಹೇಳಲು ಹೋದರು, ಕೇಳಿಸಲಿಲ್ಲ. ಕೆಳಗಿಳಿದು ಬಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತು ಶಾಲು ತೆಗೆದು ಮಡಚಿದರು.

"ಹೇಳಿದೆ," ಎಂದರು ಮೈಥಿಲಿಗೆ.

"ಕೇಳಿಸ್ತು ಸರ್," ಎಂದಳು ಅವಳು.

ಟಾಲ್ಬರ್ಟ್ ಸೆಪ್ಟೆಂಬರಿನಲ್ಲಿ 494ಕ್ಕೆ ನಿಂತ. 2025ರಲ್ಲಿ ಅಟ್ಲಾಂಟಾದ ಬಳಗದ ಸಂಚಿಕೆಯಲ್ಲಿ, ಆರನ್‌ನ 714 ಮತ್ತು 715 ಎರಡನ್ನೂ ಕಣ್ಣಾರೆ ಕಂಡ ಏಕೈಕ ಕನ್ನಡಿಗ ಡಾ. ಸೋಮಲಿಂಗಪ್ಪ ಎಂದು ಅಚ್ಚಾಯಿತು. ಮೈಥಿಲಿ ಮತ್ತು ಡಾಕ್ಟರರು ಇಬ್ಬರೂ ಸಹಿ ಮಾಡಿ ಒಂದು ತಿದ್ದುಪಡಿ ಕಳಿಸಿದರು. ಅದು ಅಚ್ಚಾಗಲಿಲ್ಲ.